ನಾಕ್ಸೊಸ್ ದ್ವೀಪದಲ್ಲಿ ಚಳಿಗಾಲ: ಮನೆ ಹುಡುಕುವುದರಿಂದ ಮನೆ ಬಿಡುವವರೆಗೆ

ಗ್ರೀಸ್ ದ್ವೀಪ ಅಂದ ಕೂಡಲೇ ನಮ್ಮವರ ಕಣ್ಣ ಮುಂದೆ ಬರುವುದು ಬಿಳಿ ಮನೆ, ನೀಲಿ ಸಮುದ್ರ, ಸುಡುವ ಬಿಸಿಲು. ಅದು ಬೇಸಿಗೆಯ ನಾಲ್ಕು ತಿಂಗಳ ಕಥೆ. ನವೆಂಬರ್ ಬಂತು ಅಂದ್ರೆ ಬೀಚಿನ ಹೋಟೆಲುಗಳೆಲ್ಲ ಬಾಗಿಲು ಹಾಕುತ್ತವೆ, ಕುರ್ಚಿ ಮೇಜು ಒಳಗೆ ಹೋಗುತ್ತವೆ, ಊರಿನಲ್ಲಿ ಊರಿನವರೇ ಉಳಿಯುತ್ತಾರೆ. ಕೆಲಸ ಆನ್‌ಲೈನ್ ಆಗಿರುವ ಕೆಲವರು ಈಗ ಈ ಕಾಲದಲ್ಲೇ ಹೋಗಿ ಎರಡು ಮೂರು ತಿಂಗಳು ಇದ್ದು ಬರಬೇಕು ಅಂತ ಯೋಚಿಸುತ್ತಿದ್ದಾರೆ. ಬಾಡಿಗೆ ಕಡಿಮೆ, ಗಲಾಟೆ ಇಲ್ಲ. ಒಳ್ಳೆಯ ಯೋಚನೆಯೇ. ಆದರೆ ಬೇಸಿಗೆಯ ದ್ವೀಪಕ್ಕೂ ಚಳಿಗಾಲದ ದ್ವೀಪಕ್ಕೂ ಸಂಬಂಧವೇ ಇಲ್ಲ. ಚಳಿಗಾಲದಲ್ಲಿ ಇಲ್ಲಿ ಎಲ್ಲವನ್ನೂ ತೀರ್ಮಾನ ಮಾಡುವುದು ಎರಡೇ: ಹಡಗು ಬಂತಾ ಇಲ್ಲವಾ, ಮನೆಯೊಳಗೆ ತೇವ ಎಷ್ಟು. ಈ ಎರಡಕ್ಕೆ ಸರಿಯಾಗಿ ತಯಾರಾದರೆ ಉಳಿದದ್ದು ತಾನಾಗಿ ಹೊಂದಿಕೊಳ್ಳುತ್ತದೆ.

ನಾನು ಇಲ್ಲಿ ಹೇಳುವುದು ನಾಕ್ಸೊಸ್ ಬಗ್ಗೆ. ಏಜಿಯನ್ ಸಮುದ್ರದ ಸೈಕ್ಲೇಡ್ಸ್ ಅನ್ನುವ ದ್ವೀಪಗಳ ಗುಂಪಿನಲ್ಲಿ ಇದೇ ದೊಡ್ಡದು, ಸುಮಾರು 430 ಚದರ ಕಿಲೋಮೀಟರ್. ಇಲ್ಲಿ ಹೊಲ ಇದೆ, ದನ ಇದೆ, ಆಲೂಗಡ್ಡೆ ಇದೆ, ಶಾಲೆ ಇದೆ, ಆಸ್ಪತ್ರೆ ಇದೆ. ಪ್ರವಾಸಿಗರಿಲ್ಲದಿದ್ದರೂ ಊರು ನಡೆಯುತ್ತದೆ. ಮೊದಲ ಸಲ ಚಳಿಗಾಲಕ್ಕೆ ಹೋಗುವವರಿಗೆ ಇಂಥ ದ್ವೀಪವೇ ಸರಿ, ಪುಟಾಣಿ ದ್ವೀಪ ಬೇಡ.

1. ವೀಸಾ ವಿಷಯ ಮೊದಲು ಮುಗಿಸಿ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ, ಅಂದ್ರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ವೀಸಾ, ಬೇಕು. ಅದರಲ್ಲಿ 180 ದಿನಗಳ ಅವಧಿಯಲ್ಲಿ ಹೆಚ್ಚೆಂದರೆ 90 ದಿನ ಇರಬಹುದು, ಅದೂ ವೀಸಾ ಮೇಲೆ ಎಷ್ಟು ದಿನ ಅಂತ ಬರೆದಿದೆಯೋ ಅಷ್ಟೇ. ಜೊತೆಗೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಅದಕ್ಕಿಂತ ಹೆಚ್ಚು ಕಾಲ ಇರಬೇಕು, ಗ್ರೀಸ್‌ನಲ್ಲಿ ಕೂತು ಬೇರೆ ದೇಶದ ಕಂಪನಿಗೆ ಕೆಲಸ ಮಾಡಬೇಕು ಅನ್ನುವವರಿಗೆ 2021ರ ಕಾನೂನಿನಲ್ಲಿ ಡಿಜಿಟಲ್ ನೊಮ್ಯಾಡ್ ವೀಸಾ ಅಂತ ಬಂದಿದೆ. ಅದಕ್ಕೆ ತೆರಿಗೆ ಕಳೆದು ಕೈಗೆ ಬರುವ ಆದಾಯ ತಿಂಗಳಿಗೆ 3,500 ಯೂರೋ ಇರಬೇಕು, ಹೆಂಡತಿಯೋ ಗಂಡನೋ ಜೊತೆಗೆ ಬಂದರೆ ಇನ್ನೂ 20 ಶೇಕಡಾ, ಪ್ರತಿ ಮಗುವಿಗೆ 15 ಶೇಕಡಾ ಜಾಸ್ತಿ. ಗ್ರೀಸ್ ಒಳಗಿನ ಕಂಪನಿಗೆ ಅದರಲ್ಲಿ ಕೆಲಸ ಮಾಡುವಂತಿಲ್ಲ.

ಹೊತ್ತಿನ ಲೆಕ್ಕ ಈಗಲೇ ನೋಡಿಕೊಳ್ಳಿ. ಅಕ್ಟೋಬರ್ ಕೊನೆಯ ಭಾನುವಾರದಿಂದ ಮಾರ್ಚ್ ಕೊನೆಯ ಭಾನುವಾರದವರೆಗೆ ಗ್ರೀಸ್ ನಮಗಿಂತ ಮೂರೂವರೆ ಗಂಟೆ ಹಿಂದೆ. ಬೆಂಗಳೂರಿನ ಬೆಳಿಗ್ಗೆ 10ರ ಮೀಟಿಂಗ್ ಅಂದ್ರೆ ನಾಕ್ಸೊಸ್‌ನಲ್ಲಿ ಆರೂವರೆ, ಹೊರಗೆ ಇನ್ನೂ ಕತ್ತಲು. ಸಂಜೆ ಆರೂವರೆಗೆ ಬೆಂಗಳೂರು ಆಫೀಸು ಮುಗಿದರೆ ಇಲ್ಲಿ ಮಧ್ಯಾಹ್ನ 3. ಡಿಸೆಂಬರ್‌ನಲ್ಲಿ ಸೂರ್ಯ ಮುಳುಗುವುದು ಐದರ ಸುಮಾರಿಗೆ. ಅಲ್ಲಿಗೆ ನಿಮ್ಮ ಪಾಲಿಗೆ ಎರಡು ಗಂಟೆ ಬಿಸಿಲು. ಕಮ್ಮಿ ಅನಿಸಬಹುದು, ಆದರೆ ಆ ಎರಡು ಗಂಟೆ ನಿಮ್ಮದೇ ಆಗಿರುತ್ತದೆ.

2. ಊರು ಆರಿಸುವುದು

ಬೇಸಿಗೆಯ ಫೋಟೋ ನೋಡಿ ಬೀಚಿನ ಪಕ್ಕ ಮನೆ ಮಾಡಬೇಡಿ. ಆಯಿಯೊಸ್ ಪ್ರೊಕೋಪಿಯೊಸ್, ಆಯಿಯಾ ಆನ್ನಾ, ಪ್ಲಾಕಾ, ಇವೆಲ್ಲ ಜುಲೈನಲ್ಲಿ ಜಾತ್ರೆ, ಜನವರಿಯಲ್ಲಿ ಸಾಲು ಸಾಲು ಮುಚ್ಚಿದ ಕಿಟಕಿ. ಒಂದು ಬ್ರೆಡ್ಡಿಗೂ ಗಾಡಿ ಬೇಕು.

ಕಾರಿಲ್ಲದವರಿಗೆ ಹೋರಾ ಸರಿ. ಹೋರಾ ಅಂದ್ರೆ ಬಂದರಿರುವ ಮುಖ್ಯ ಪಟ್ಟಣ. ಬೇಕರಿ, ಔಷಧಿ ಅಂಗಡಿ, ಸೂಪರ್ ಮಾರ್ಕೆಟ್, ಬ್ಯಾಂಕು, ಆಸ್ಪತ್ರೆ ಎಲ್ಲ ನಡೆದು ಹೋಗುವ ದೂರದಲ್ಲಿ. ಹಳ್ಳಿಯೇ ಬೇಕು ಅಂದ್ರೆ ಹಾಲ್ಕಿ ಇಲ್ಲವೇ ಫಿಲೋಟಿ ನೋಡಿ. ಎರಡರಲ್ಲೂ ವರ್ಷವಿಡೀ ಜನ ಇರುತ್ತಾರೆ, ಫಿಲೋಟಿ ಚೌಕದಲ್ಲಿ ಚಳಿಗಾಲದಲ್ಲೂ ಕಾಫಿ ಸಿಗುತ್ತದೆ. ಇನ್ನೂ ಮೇಲಿರುವ ಅಪೀರಾಂಥೊಸ್ ಬಹಳ ಚೆಂದದ ಊರು, ಬೀದಿಗೆಲ್ಲ ಅಮೃತಶಿಲೆ ಹಾಸಿದ್ದಾರೆ, ಆದರೆ ಮಳೆ ಬಂದಾಗ ಅದೇ ಕಲ್ಲು ಜಾರುತ್ತದೆ, ಮೋಡ ಬೀದಿಗೇ ಇಳಿಯುತ್ತದೆ, ಚಳಿಯೂ ಹೋರಾಗಿಂತ ಜಾಸ್ತಿ. ಮೊಣಕಾಲು ನೋವಿರುವ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಿ. ಬಸ್ಸು ಇದೆ, ಕೆಟೆಲ್ ಅಂತ ಹೆಸರು. ಚಳಿಗಾಲದಲ್ಲಿ ಅದು ಮುಖ್ಯವಾಗಿ ಶಾಲೆ ಮಕ್ಕಳ ಹೊತ್ತಿಗೆ ಓಡುತ್ತದೆ, ಭಾನುವಾರ ಅದನ್ನು ನಂಬಿ ಕೂರಬೇಡಿ.

3. ಮನೆ ನೋಡುವಾಗ ಏನು ಮುಟ್ಟಿ ನೋಡಬೇಕು

ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ, ಯಾಕಂದ್ರೆ ಇಲ್ಲಿ ಎಡವಿದರೆ ಇಡೀ ಚಳಿಗಾಲ ಒದ್ದಾಟ.

ಹಗಲು 13ರಿಂದ 15 ಡಿಗ್ರಿ, ರಾತ್ರಿ 8ರಿಂದ 10. ನಂಬರ್ ನೋಡಿದರೆ ಇದೇನು ಮಹಾ ಚಳಿ ಅನಿಸುತ್ತದೆ. ಆದರೆ ಬಾಡಿಗೆಗೆ ಸಿಗುವ ಎಷ್ಟೋ ಮನೆಗಳು ಬೇಸಿಗೆಗೆಂದೇ ಕಟ್ಟಿದವು. ದಪ್ಪ ಕಲ್ಲಿನ ಗೋಡೆ, ಕಲ್ಲಿನ ನೆಲ, ಒಂದೇ ಪದರದ ಗಾಜು, ಬಾಗಿಲ ಕೆಳಗೆ ಸಂದಿ. ಬೇಸಿಗೆಯಲ್ಲಿ ತಂಪಾಗಿಡುವ ಅದೇ ಗೋಡೆ ಜನವರಿಯಲ್ಲಿ ತಣ್ಣಗೆ ಕೂತುಬಿಡುತ್ತದೆ. ಹೊರಗೆ ಬಿಸಿಲಲ್ಲಿ ಹಾಯಾಗಿರುತ್ತದೆ, ಒಳಗೆ ಬಂದರೆ ಸ್ವೆಟರ್ ಬೇಕು.

ಹಾಗಾಗಿ ಮನೆ ನೋಡಲು ಹೋದಾಗ ಮೊದಲು ಬೀರುವನ್ನು ಗೋಡೆಯಿಂದ ಸ್ವಲ್ಪ ಎಳೆದು ಹಿಂದೆ ನೋಡಿ. ಗೋಡೆ ಮೇಲೆ ಕಪ್ಪು ಚುಕ್ಕೆ ಚುಕ್ಕೆ ಇದ್ದರೆ ಅದು ಬೂಷ್ಟು. ಹೊಸದಾಗಿ ಒಂದೇ ಮೂಲೆಗೆ ಸುಣ್ಣ ಬಳಿದಿದ್ದರೆ ಅದರ ಕೆಳಗೂ ಬೂಷ್ಟೇ ಇರುವ ಸಾಧ್ಯತೆ ಹೆಚ್ಚು. ಮಂಚದ ಕೆಳಗೆ, ಮೂಲೆಯಲ್ಲಿ, ಬಚ್ಚಲಿನ ಸೂರಿನಲ್ಲಿ ಕೈಯಾಡಿಸಿ. ಹಾಸಿಗೆಯನ್ನು ಮೂಸಿ ನೋಡಿ, ನಾಚಿಕೆ ಬೇಡ. ಆಮೇಲೆ ಇವನ್ನು ಕೇಳಿ: ದಕ್ಷಿಣಕ್ಕೆ ಕಿಟಕಿ ಇದೆಯಾ? ಬಚ್ಚಲಿಗೆ ಹೊರಗೆ ತೆರೆಯುವ ಕಿಟಕಿ ಇದೆಯಾ? ಗಾಜು ಎರಡು ಪದರದ್ದಾ? ಎಸಿಯಲ್ಲಿ ಬಿಸಿಗಾಳಿ ಬರುತ್ತದಾ? ಸೌದೆ ಒಲೆ ಇದ್ದರೆ ಹೊಗೆ ಕೊಳವೆಯನ್ನು ಕೊನೆಯ ಸಲ ಯಾವಾಗ ಗುಡಿಸಿದ್ದು? ತೇವ ಹೀರುವ ಯಂತ್ರ, ಅಂದ್ರೆ ಡಿಹ್ಯುಮಿಡಿಫೈಯರ್, ಮನೆಯವರೇ ಕೊಡುತ್ತಾರಾ? ಈ ಕೊನೆಯದಕ್ಕೆ ಇಲ್ಲ ಅಂದ್ರೆ ನೀವೇ ಕೊಳ್ಳಿ. ಮನೆಗೆ ಬೇಕಾದ ಮೊದಲ ಸಾಮಾನು ಅದು, ಟಿವಿ ಅಲ್ಲ.

ಬಾಡಿಗೆ ಬಗ್ಗೆ ಒಂದು ಮಾತು. ದ್ವೀಪದ ಶಾಲೆಗಳಿಗೆ ಪ್ರತಿ ಸೆಪ್ಟೆಂಬರ್‌ನಲ್ಲಿ ಹೊರಗಿಂದ ಶಿಕ್ಷಕರು ಬರುತ್ತಾರೆ, ಆಸ್ಪತ್ರೆಗೆ ನರ್ಸುಗಳು, ಡಾಕ್ಟರುಗಳು ಬರುತ್ತಾರೆ. ಅವರಿಗೆ ಮನೆ ಸಿಗುವುದು ಬಹಳ ಕಷ್ಟ, ಸಿಕ್ಕರೂ ಮೇ ಕೊನೆಗೆ ಖಾಲಿ ಮಾಡಿ ಅನ್ನುತ್ತಾರೆ, ಯಾಕಂದ್ರೆ ಜೂನ್‌ನಿಂದ ಪ್ರವಾಸಿಗರು ಬರುತ್ತಾರಲ್ಲ. ನೀವು ಎರಡು ಮೂರು ತಿಂಗಳಿಗೆ ಹೋಗುವವರು ಆ ಮನೆಗಳಿಗೆ ಪೈಪೋಟಿಗೆ ಇಳಿಯಬೇಡಿ ಅನ್ನುವುದು ನನ್ನ ಕಳಕಳಿಯ ವಿನಂತಿ. ಪ್ರವಾಸಿಗರಿಗೆಂದೇ ಲೈಸೆನ್ಸ್ ಇರುವ ರೂಮು, ಸ್ಟುಡಿಯೋಗಳು ಚಳಿಗಾಲದಲ್ಲಿ ಖಾಲಿ ಇರುತ್ತವೆ. ಅವರಿಗೆ ಫೋನ್ ಮಾಡಿ ತಿಂಗಳ ಲೆಕ್ಕದಲ್ಲಿ ಕೇಳಿ. ವರ್ಷವಿಡೀ ತೆರೆದಿರುವವರು ಖಂಡಿತ ಕಮ್ಮಿ ಮಾಡುತ್ತಾರೆ. ದಿನಕ್ಕಿಷ್ಟು ಅಂತ ಸರ್ಕಾರದ ಶುಲ್ಕ ಬೇರೆ ಇರುತ್ತದೆ, ನವೆಂಬರ್‌ನಿಂದ ಮಾರ್ಚ್‌ವರೆಗೆ ಅದೂ ಬೇಸಿಗೆಗಿಂತ ಕಡಿಮೆ. ವರ್ಷದ ವೀಸಾ ತಗೊಂಡು ಕರಾರು ಮಾಡಿ ಬಾಡಿಗೆಗೆ ಇರುವವರಿಗೆ ಗ್ರೀಕ್ ತೆರಿಗೆ ನಂಬರ್ ಬೇಕಾಗುತ್ತದೆ. ಅದನ್ನು ಅಫಿಮಿ ಅನ್ನುತ್ತಾರೆ.

4. ತೇವ ಹತೋಟಿಗೆ ತರುವುದು

ಗಾಳಿಯ ದಿಕ್ಕು ನೋಡುವುದನ್ನು ಮೊದಲ ವಾರವೇ ಕಲಿಯಿರಿ. ಉತ್ತರದ ಗಾಳಿಗೆ ವೊರ್ಯಾಸ್ ಅನ್ನುತ್ತಾರೆ, ಅದು ಚಳಿ, ಆದರೆ ಒಣ. ದಕ್ಷಿಣದ ಗಾಳಿ ನೊಟ್ಯಾಸ್, ಅದು ಬೆಚ್ಚಗಿರುತ್ತದೆ, ಆದರೆ ಸಮುದ್ರದ ನೀರನ್ನೆಲ್ಲ ಹೊತ್ತು ತರುತ್ತದೆ. ನೆಲದ ಕಲ್ಲು ಬೆವರುತ್ತದೆ, ಉಪ್ಪಿನ ಡಬ್ಬಿ ಗಟ್ಟಿಯಾಗುತ್ತದೆ, ಎರಡು ದಿನವಾದರೂ ಟವೆಲ್ ಒಣಗಲ್ಲ. ಉತ್ತರದ ಗಾಳಿ ಇರುವ ದಿನ ಬೆಳಿಗ್ಗೆ ಎಲ್ಲ ಕಿಟಕಿ ಹದಿನೈದು ನಿಮಿಷ ತೆರೆಯಿರಿ, ಚಳಿ ಆದರೂ ಸರಿ. ಹಾಸಿಗೆ, ರಜಾಯಿ ಬಿಸಿಲಿಗೆ ಹಾಕಿ. ದಕ್ಷಿಣದ ಗಾಳಿ ಇರುವ ದಿನ ಕಿಟಕಿ ಮುಚ್ಚಿ ಯಂತ್ರ ಹಾಕಿ. 50ರಿಂದ 60 ಶೇಕಡಾ ತೇವ ಇದ್ದರೆ ಮನೆ ಆರೋಗ್ಯವಾಗಿದೆ ಅಂತ ಅರ್ಥ. ಯಂತ್ರದ ತೊಟ್ಟಿ ಒಂದೇ ರಾತ್ರಿಗೆ ತುಂಬಿದ್ದು ನೋಡಿದಾಗ ಈ ನೀರೆಲ್ಲ ನಮ್ಮ ಹೊದಿಕೆಯಲ್ಲೇ ಇತ್ತಾ ಅಂತ ಗಾಬರಿಯಾಗುತ್ತದೆ.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಈ ದಕ್ಷಿಣದ ಗಾಳಿ ಆಫ್ರಿಕಾದ ಮರಳಿನ ಧೂಳನ್ನೂ ತರುತ್ತದೆ. ಆಕಾಶ ಹಳದಿಯಾಗುತ್ತದೆ, ಮಳೆ ಬಂದರೆ ಕೆಸರು ಹನಿ. ಅವತ್ತು ಬಟ್ಟೆ ಹೊರಗೆ ಒಣಗಿಸಬೇಡಿ. ಉಬ್ಬಸ ಇರುವವರು ಹೊರಗೆ ಹೋಗದಿರುವುದೇ ಒಳ್ಳೆಯದು.

ಬೂಷ್ಟು ಕಂಡರೆ ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಅದು ಹರಡುತ್ತದೆ. ಇಲ್ಲಿನ ಸೂಪರ್ ಮಾರ್ಕೆಟ್ಟಿನಲ್ಲಿ ಬೂಷ್ಟಿಗೆಂದೇ ಸ್ಪ್ರೇ ಸಿಗುತ್ತದೆ. ಕಿಟಕಿ ತೆಗೆದು, ಕೈಗವಸು ಹಾಕಿ ಹೊಡೆಯಿರಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ. ಬೇರೆ ಯಾವ ಕ್ಲೀನರ್ ಜೊತೆಗೂ ಅದನ್ನು ಬೆರೆಸಬೇಡಿ. ಬೀರು, ಮಂಚ ಎಲ್ಲವನ್ನೂ ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ, ಗಾಳಿ ಆಡಲಿ.

ಮನೆ ಬಿಸಿ ಮಾಡಲು ಎಸಿಯ ಬಿಸಿಗಾಳಿಯೇ ಅಗ್ಗ. ಎಣ್ಣೆ ತುಂಬಿದ ರೇಡಿಯೇಟರ್ ಕರೆಂಟನ್ನು ಕುಡಿದುಬಿಡುತ್ತದೆ, ಅಷ್ಟೇ ಬಿಸಿಗೆ ಎಸಿಗೆ ಬೇಕಾಗುವುದು ಅದರ ಮೂರನೇ ಒಂದು ಪಾಲು. ಸೌದೆ ಒಲೆ ಇದ್ದರೆ ಅದರಷ್ಟು ಹಿತ ಇನ್ನೊಂದಿಲ್ಲ, ಆದರೆ ಒಣಗಿದ ಸೌದೆಯೇ ಬೇಕು. ಆಲಿವ್ ಮರದ ಕಟ್ಟಿಗೆ ನಿಧಾನವಾಗಿ, ಬಹಳ ಹೊತ್ತು ಉರಿಯುತ್ತದೆ. ಅಕ್ಟೋಬರ್‌ನಲ್ಲೇ ಹೇಳಿಟ್ಟರೆ ತಂದು ಹಾಕುತ್ತಾರೆ. ಒಂದು ವಿಷಯ ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ: ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿ ಮಲಗುವುದು. ಅದರ ವಿಷಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ.

5. ಬಿಸಿನೀರು, ಕರೆಂಟು, ಕಕ್ಕಸು

ತಾರಸಿ ಮೇಲೆ ಸೋಲಾರ್ ಇರುತ್ತದೆ. ಬಿಸಿಲಿದ್ದ ದಿನ ಸಂಜೆ ಸ್ನಾನ ಮಾಡಿ, ನೀರು ಪುಕ್ಕಟೆ ಬಿಸಿಯಾಗಿರುತ್ತದೆ. ಮೋಡದ ದಿನ ಕರೆಂಟಿನಿಂದ ಕಾಯಿಸಬೇಕು. ಮುಂಬಾಗಿಲ ಹತ್ತಿರ ಗೋಡೆಯಲ್ಲಿ ಕರೆಂಟಿನ ಪೆಟ್ಟಿಗೆ ಇರುತ್ತದಲ್ಲ, ಅದರ ಮುಚ್ಚಳ ತೆಗೆದರೆ ಒಂದು ಸ್ವಿಚ್ಚಿನ ಪಕ್ಕ ಪುಟ್ಟ ಕೆಂಪು ದೀಪ ಕಾಣುತ್ತದೆ. ಅದೇ ಥೆರ್ಮೊಸೀಫೊನಸ್, ಅಂದ್ರೆ ನಮ್ಮ ಗೀಸರ್. ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಮೇಲೆತ್ತಿ, ಕೆಂಪು ದೀಪ ಹತ್ತಿದರೆ ಸರಿ, ಆಮೇಲೆ ಮರೆಯದೆ ಇಳಿಸಿ. ಅದೊಂದೇ 4 ಕಿಲೋವಾಟ್ ಎಳೆಯುತ್ತದೆ. ಓವನ್, ಹೀಟರ್, ಇದು ಮೂರೂ ಒಟ್ಟಿಗೆ ಹಾಕಿದರೆ ಮೇನ್ ಬಿದ್ದು ಮನೆಯೆಲ್ಲ ಕತ್ತಲು.

2020ರಲ್ಲಿ ನಾಕ್ಸೊಸ್‌ಗೆ ಸಮುದ್ರದ ಕೆಳಗಿನ ಕೇಬಲ್ ಮೂಲಕ ಗ್ರೀಸ್ ಮುಖ್ಯ ನೆಲದ ವಿದ್ಯುತ್ ಜಾಲ ಸೇರಿತು. ಆದರೂ ಬಿರುಗಾಳಿಗೆ ತಂತಿ ಬೀಳುವುದುಂಟು. ಟಾರ್ಚು, ಪವರ್ ಬ್ಯಾಂಕು, ಸ್ವಲ್ಪ ನಗದು ಕೈಯಲ್ಲಿರಲಿ. ಕರೆಂಟಿಲ್ಲದಾಗ ಕಾರ್ಡ್ ಮೆಷಿನ್ನೂ ಇಲ್ಲ.

ಇಲ್ಲಿನ ಪ್ಲಗ್ ಎರಡು ದುಂಡು ಕಡ್ಡಿಯದ್ದು, ವೋಲ್ಟೇಜ್ ನಮ್ಮಂತೆ 230. ಅಡಾಪ್ಟರ್ ಇದ್ದರೆ ನಮ್ಮ ಮಿಕ್ಸಿ ಓಡುತ್ತದೆ. ಒಲೆ ಎಲ್ಲ ಕರೆಂಟಿನದು. ಇಂಡಕ್ಷನ್ ಆಗಿದ್ದರೆ ಅಲ್ಯುಮಿನಿಯಂ ಕುಕ್ಕರ್ ಕೆಲಸಕ್ಕೆ ಬರಲ್ಲ, ತಳ ಸ್ಟೀಲಿನದು ಬೇಕು. ಕಕ್ಕಸಿನಲ್ಲಿ ಟಿಶ್ಯೂ ಹಾಕಿ ನೀರು ಬಿಡಬೇಡಿ, ಪಕ್ಕದಲ್ಲಿರುವ ಬುಟ್ಟಿಗೇ ಹಾಕಿ. ಕೊಳವೆ ಸಣ್ಣದು, ಕಟ್ಟಿಕೊಂಡರೆ ದುರಸ್ತಿಯವರನ್ನು ಹುಡುಕುವುದು ಸುಲಭವಲ್ಲ.

6. ಹಡಗಿನ ಲೆಕ್ಕ

ಅಥೆನ್ಸ್ ಏರ್‌ಪೋರ್ಟಿನಿಂದ ಪಿರೇಯಸ್ ಬಂದರಿಗೆ ಮೆಟ್ರೋ ನೀಲಿ ಲೈನು, ಅಂದ್ರೆ 3ನೇ ಲೈನು, 2022ರಿಂದ ನೇರವಾಗಿ ಹೋಗುತ್ತದೆ, ಒಂದು ಗಂಟೆ ಹಾದಿ. ಅಲ್ಲಿಂದ ದೊಡ್ಡ ಹಡಗಿನಲ್ಲಿ ನಾಕ್ಸೊಸ್‌ಗೆ ಐದರಿಂದ ಐದೂವರೆ ಗಂಟೆ. ಬೇಸಿಗೆಯ ಸ್ಪೀಡ್ ಬೋಟುಗಳಲ್ಲಿ ಹೆಚ್ಚಿನವು ಚಳಿಗಾಲದಲ್ಲಿ ಓಡುವುದಿಲ್ಲ, ದೊಡ್ಡ ಹಡಗೂ ವರ್ಷಕ್ಕೊಮ್ಮೆ ರಿಪೇರಿಗೆ ಹೋಗುತ್ತದೆ, ಹಾಗಾಗಿ ಜನವರಿ, ಫೆಬ್ರವರಿಯ ವೇಳಾಪಟ್ಟಿಯನ್ನು ಹೊಸದಾಗಿ ನೋಡಿಕೊಳ್ಳಬೇಕು. ಸಣ್ಣ ವಿಮಾನವೂ ಇದೆ, ಸೀಟು ಕಮ್ಮಿ, ಜೋರು ಗಾಳಿಗೆ ಅದೂ ರದ್ದಾಗಬಹುದು.

ಗಾಳಿಯನ್ನು ಇಲ್ಲಿ ಬೋಫೋರ್ ಲೆಕ್ಕದಲ್ಲಿ ಹೇಳುತ್ತಾರೆ. 5 ಬೋಫೋರ್ ಅಂದ್ರೆ ಮಾಮೂಲಿ. 7 ಅಂದ್ರೆ ಹೊಟ್ಟೆ ತೊಳಸುತ್ತದೆ. 8 ಅಂದ್ರೆ ಗಂಟೆಗೆ 62 ಕಿಲೋಮೀಟರ್‌ಗಿಂತ ಜಾಸ್ತಿ. ಸಾಮಾನ್ಯವಾಗಿ ಅಲ್ಲಿಗೆ ಬಂದರು ಅಧಿಕಾರಿಗಳು ಹಡಗು ಬಿಡಬಾರದು ಅಂತ ಆದೇಶ ಹೊರಡಿಸುತ್ತಾರೆ. ಅದಕ್ಕೆ ಅಪಾಗೊರೆಫ್ಟಿಕೊ ಅನ್ನುತ್ತಾರೆ. ಬೇಕರಿಯಲ್ಲಿ, ಬಸ್ಸಿನಲ್ಲಿ ಈ ಪದ ಕಿವಿಗೆ ಬಿದ್ದರೆ ತಕ್ಷಣ ಫೋನಿನಲ್ಲಿ ಹವಾಮಾನ ನೋಡಿ. ಸಣ್ಣ ದೋಣಿಗಳಿಗೆ ಇನ್ನೂ ಕಮ್ಮಿ ಗಾಳಿಗೇ ತಡೆ ಬೀಳುತ್ತದೆ. ನಾಕ್ಸೊಸ್‌ನಿಂದ ಇರಾಕ್ಲಿಯಾ, ಸ್ಕಿನೂಸಾ, ಕೂಫೊನೀಸಿಯಾ, ಡೊನೂಸಾ ಅನ್ನುವ ಪುಟ್ಟ ದ್ವೀಪಗಳಿಗೆ, ಅಲ್ಲಿಂದ ಮುಂದೆ ಅಮೋರ್ಗೊಸ್‌ಗೆ ಹೋಗುವ ಎಕ್ಸ್‌ಪ್ರೆಸ್ ಸ್ಕೊಪೆಲೀಟಿಸ್ ಅನ್ನುವ ಸಣ್ಣ ಹಡಗು ಆ ಊರುಗಳ ಜೀವನಾಡಿ. ಅದು ನಿಂತರೆ ಅಲ್ಲಿಯವರಿಗೆ ಹಾಲೂ ಇಲ್ಲ, ಡಾಕ್ಟರೂ ಇಲ್ಲ. ಆ ದ್ವೀಪಗಳಲ್ಲಿ ಚಳಿಗಾಲ ಕಳೆಯುವವರ ತಾಳ್ಮೆಗೆ ನಾನು ಕೈ ಮುಗಿಯುತ್ತೇನೆ.

ನೀವು ಮಾಡಬೇಕಾದ್ದು ಇಷ್ಟು. ವಾಪಸ್ ವಿಮಾನಕ್ಕೆ ಎರಡು ದಿನ ಮುಂಚೆಯೇ ಅಥೆನ್ಸ್ ಸೇರಿ, ಹಿಂದಿನ ರಾತ್ರಿ ಬೇಡ. ಹಡಗು ರದ್ದಾದರೆ ಟಿಕೆಟ್ ಬದಲಾಯಿಸಿ ಕೊಡುತ್ತಾರೆ ಇಲ್ಲವೇ ದುಡ್ಡು ವಾಪಸ್ ಕೊಡುತ್ತಾರೆ, ಆದರೆ ವಿಮಾನ ನಿಮಗೆ ಕಾಯುವುದಿಲ್ಲ. ಮುಷ್ಕರದ ದಿನಗಳನ್ನೂ ಗಮನಿಸಿ. ನಾವಿಕರ ಒಕ್ಕೂಟ ಒಂದು ದಿನದ ಮುಷ್ಕರ ಕರೆದರೂ ಎಲ್ಲ ನಿಲ್ಲುತ್ತದೆ. ಮನೆಯಲ್ಲಿ ಯಾವಾಗಲೂ ನಾಲ್ಕೈದು ದಿನಕ್ಕಾಗುವಷ್ಟು ಅಕ್ಕಿ, ಬೇಳೆ, ಹಾಲಿನ ಪ್ಯಾಕೆಟ್, ಕುಡಿಯುವ ನೀರು, ದಿನದ ಮಾತ್ರೆ ಇರಲಿ. ಗಾಳಿ ನಿಂತ ಮೇಲೆ ಮೊದಲ ಹಡಗು ಬರುವುದನ್ನು ಒಂದು ಸಲ ಬಂದರಿಗೆ ಹೋಗಿ ನೋಡಿ. ಹಿಂದಿನ ದೊಡ್ಡ ಬಾಗಿಲು ಸರಪಳಿ ಸದ್ದಿನೊಂದಿಗೆ ಕೆಳಗಿಳಿಯುತ್ತದೆ, ಅದು ನೆಲ ಮುಟ್ಟಿದ ಕೂಡಲೇ ಲಾರಿಗಳು ಒಂದರ ಹಿಂದೊಂದು ಹೊರಗೆ ಬರುತ್ತವೆ, ಸೂಪರ್ ಮಾರ್ಕೆಟ್ಟಿನದು, ಔಷಧಿಯದು, ಪಾರ್ಸೆಲ್ಲಿನದು. ಅವತ್ತು ಸಾಯಂಕಾಲ ತರಕಾರಿ ತಗೊಳ್ಳಿ, ಬೆಳಿಗ್ಗೆ ಅಲ್ಲ.

7. ಅಡುಗೆ

ಸಸ್ಯಾಹಾರಿಗಳು ಹೆದರಬೇಕಿಲ್ಲ, ಚಳಿಗಾಲದ ಗ್ರೀಕ್ ಅಡುಗೆಯಲ್ಲಿ ಕಾಳು, ಸೊಪ್ಪು ಧಾರಾಳ. ಫಸೊಲಾಡಾ ಅಂದ್ರೆ ಬಿಳಿ ಹುರುಳಿಕಾಯಿ ಬೀಜದ ಸೂಪು. ಫಾಕೆಸ್ ಅಂದ್ರೆ ಕಂದು ಬಣ್ಣದ ಇಡೀ ಮಸೂರ. ಸ್ಪನಕೋರಿಝೊ ಅಂದ್ರೆ ಪಾಲಕ್ ಹಾಕಿದ ಅನ್ನ, ಮೇಲೆ ನಿಂಬೆರಸ. ಫಾವಾ ಅನ್ನುವುದು ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿ ಆಲಿವ್ ಎಣ್ಣೆ, ಈರುಳ್ಳಿ ಹಾಕಿದ್ದು. ಅದೇ ಬೇಳೆಯ ಪ್ಯಾಕೆಟ್ ತಂದು ಒಗ್ಗರಣೆ ಕೊಟ್ಟರೆ ತೊವ್ವೆ ಚೆನ್ನಾಗಿ ಬರುತ್ತದೆ, ತೊಗರಿಬೇಳೆ ಮುಗಿದಾಗ ಇದೇ ಗತಿ.

ಹೋಟೆಲಿನಲ್ಲಿ ನಿಸ್ತೀಸಿಮೊ ಇದೆಯಾ ಅಂತ ಕೇಳಿ, ಅಂದ್ರೆ ಉಪವಾಸದ ಅಡುಗೆ. ನವೆಂಬರ್ 15ರಿಂದ ಕ್ರಿಸ್‌ಮಸ್‌ವರೆಗೆ ಮತ್ತು ಈಸ್ಟರ್‌ಗೆ ಮುಂಚಿನ ವಾರಗಳಲ್ಲಿ ಬಹಳ ಮಂದಿ ಮಾಂಸ, ಹಾಲು, ಮೊಟ್ಟೆ ಬಿಡುತ್ತಾರೆ. ಆದರೆ ಹುಷಾರು, ಸಿಗಡಿ, ಸ್ಕ್ವಿಡ್, ಆಕ್ಟೋಪಸ್ ಅವರ ಉಪವಾಸದಲ್ಲಿ ನಡೆಯುತ್ತದೆ. ಅದನ್ನು ಬೇರೆಯಾಗಿ ಕೇಳಲೇಬೇಕು.

ಇನ್ನು ಹೋರ್ತಾ, ಅಂದ್ರೆ ತಾನಾಗಿ ಬೆಳೆಯುವ ಕಾಡು ಸೊಪ್ಪು. ಮೊದಲ ಮಳೆ ಬಿದ್ದು ಕೆಲವು ವಾರ ಆಗುತ್ತಿದ್ದಂತೆ ಬೇಸಿಗೆಯಿಡೀ ಕಂದು ಬಣ್ಣಕ್ಕಿದ್ದ ದ್ವೀಪ ಹಸಿರಾಗುತ್ತದೆ. ಆಗ ವಯಸ್ಸಾದ ಹೆಂಗಸರು ಕೈಯಲ್ಲಿ ಸಣ್ಣ ಚಾಕು, ಒಂದು ಚೀಲ ಹಿಡಿದು ಬದುಗಳಲ್ಲಿ ಬಗ್ಗಿ ಬಗ್ಗಿ ಸೊಪ್ಪು ಕೀಳುವುದು ಕಾಣುತ್ತದೆ. ನಮ್ಮ ಕಡೆ ಹೊಲದ ಬದುವಿನಲ್ಲಿ ಬೆರಕೆ ಸೊಪ್ಪು ಕುಯ್ಯುತ್ತಾರಲ್ಲ, ಥೇಟ್ ಹಾಗೇ. ಕಹಿ ರಾಡೀಕಿಯಾ, ಸಾಸಿವೆ ಜಾತಿಯ ವ್ರೂವೆಸ್, ಮೆದು ಝೋಹೊಸ್, ಹೀಗೆ ಬಗೆಬಗೆ. ಬೇರಿನ ಬುಡದಲ್ಲಿ ಚಾಕು ಹಾಕಿ ಇಡೀ ಗಿಡ ಒಂದೇ ಆಗಿ ಬರುವ ಹಾಗೆ ಕತ್ತರಿಸುತ್ತಾರೆ, ಮಣ್ಣು ಕೊಡವುತ್ತಾರೆ, ಮನೆಯಲ್ಲಿ ನಾಲ್ಕೈದು ನೀರು ತೊಳೆದು ಉಪ್ಪು ನೀರಲ್ಲಿ ಕುದಿಸಿ ಆಲಿವ್ ಎಣ್ಣೆ, ನಿಂಬೆ ಹಿಂಡುತ್ತಾರೆ. ಬೆಂದ ನೀರನ್ನೂ ಚೆಲ್ಲುವುದಿಲ್ಲ, ನಿಂಬೆ ಹಿಂಡಿ ಕುಡಿಯುತ್ತಾರೆ. ಗೊತ್ತಿಲ್ಲದೆ ನೀವೇ ಕೀಳಬೇಡಿ, ವಿಷದ ಗಿಡಗಳೂ ಪಕ್ಕದಲ್ಲೇ ಬೆಳೆಯುತ್ತವೆ. ಪಕ್ಕದ ಮನೆ ಅಜ್ಜಿಯ ಜೊತೆ ಹೋಗಿ, ಇಲ್ಲವೇ ತರಕಾರಿ ಅಂಗಡಿಯಲ್ಲಿ ಕೊಳ್ಳಿ. ಬೇಲಿ ದಾಟಬೇಡಿ. ಫೆಬ್ರವರಿ ಕೊನೆಯವರೆಗೆ ಬೇಟೆಯ ಕಾಲ ಆದ್ದರಿಂದ ಗುಡ್ಡ ಸುತ್ತುವಾಗ ಕಣ್ಣಿಗೆ ಹೊಡೆಯುವ ಬಣ್ಣದ ಬಟ್ಟೆ ಹಾಕಿ.

ನಾಕ್ಸೊಸ್ ಆಲೂಗಡ್ಡೆಗೆ ಯುರೋಪಿನಲ್ಲೇ ಹೆಸರಿದೆ, ಭೌಗೋಳಿಕ ಗುರುತೂ ಸಿಕ್ಕಿದೆ. ಪಲ್ಯಕ್ಕೆ ಅದರಷ್ಟು ರುಚಿ ಬೇರೆ ಇಲ್ಲ. ಇಲ್ಲಿನ ಗ್ರಾವಿಯೆರಾ ಚೀಸ್ ಮುಖ್ಯವಾಗಿ ಹಸುವಿನ ಹಾಲಿನಿಂದ ಮಾಡುವುದು, ಆದರೆ ಸಾಂಪ್ರದಾಯಿಕ ಚೀಸಿಗೆ ಪ್ರಾಣಿಯ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ ಅನ್ನುವುದು ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ತಿಳಿದಿರಲಿ. ಕಿತ್ತಳೆ, ನಿಂಬೆ ಈ ಕಾಲದಲ್ಲಿ ಎಷ್ಟಿರುತ್ತದೆಂದರೆ ನೆರೆಯವರು ಚೀಲದಲ್ಲಿ ತಂದು ಬಾಗಿಲಿಗೆ ತೂಗುಹಾಕಿ ಹೋಗುತ್ತಾರೆ.

ಊರಿಂದ ಸಾರಿನಪುಡಿ, ಹುಳಿಪುಡಿ, ಇಂಗು, ಸಾಸಿವೆ ತನ್ನಿ. ತುಪ್ಪ, ಪೇಡ ಬೇಡ, ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಹೊರಗಿನಿಂದ ಯುರೋಪಿಗೆ ತರಲು ಬಿಡುವುದಿಲ್ಲ. ತೊಗರಿಬೇಳೆ, ಅವಲಕ್ಕಿ ಬೇಕಾದರೆ ಹಡಗು ಹತ್ತುವ ಮುಂಚೆ ಅಥೆನ್ಸ್‌ನ ಒಮೋನಿಯಾ ಹತ್ತಿರ ಮೆನಾಂಡ್ರೂ ಬೀದಿಯ ಸುತ್ತ ನಮ್ಮ ಉಪಖಂಡದವರ ಅಂಗಡಿಗಳಿವೆ, ಅಲ್ಲಿ ಹುಡುಕಿ.

8. ಅಂಗಡಿ ಹೊತ್ತು, ಮೌನದ ಹೊತ್ತು

ಸೂಪರ್ ಮಾರ್ಕೆಟ್ ಸೋಮವಾರದಿಂದ ಶನಿವಾರ ಸಂಜೆಯವರೆಗೂ ಇರುತ್ತದೆ. ಬಟ್ಟೆ, ಹಾರ್ಡ್‌ವೇರ್ ಅಂಥ ಸಣ್ಣ ಅಂಗಡಿಗಳು ಸಾಮಾನ್ಯವಾಗಿ ಸೋಮವಾರ, ಬುಧವಾರ, ಶನಿವಾರ ಮಧ್ಯಾಹ್ನಕ್ಕೇ ಮುಚ್ಚುತ್ತವೆ. ಮಂಗಳವಾರ, ಗುರುವಾರ, ಶುಕ್ರವಾರ ಸಂಜೆ ಮತ್ತೆ ತೆರೆಯುತ್ತವೆ. ಭಾನುವಾರ ಬೇಕರಿ ಬಿಟ್ಟರೆ ಹೆಚ್ಚೇನೂ ಇಲ್ಲ.

ಚಳಿಗಾಲದಲ್ಲಿ ಮಧ್ಯಾಹ್ನ 3.30ರಿಂದ 5.30 ಮತ್ತು ರಾತ್ರಿ 10ರಿಂದ ಬೆಳಿಗ್ಗೆ 7.30 ಕಾನೂನು ಪ್ರಕಾರ ಮೌನದ ಹೊತ್ತು. ಆಗ ಮಿಕ್ಸಿ, ಡ್ರಿಲ್ಲು, ಜೋರು ಹಾಡು ಬೇಡ. ಬೆಳಿಗ್ಗೆ ಆರೂವರೆಗೆ ಬೆಂಗಳೂರಿನ ಕರೆಗೆ ಕೂರುವವರು ಹೆಡ್‌ಫೋನ್ ಹಾಕಿ ಮೆಲ್ಲಗೆ ಮಾತಾಡಿ, ಹಳೆ ಮನೆಗಳ ಗೋಡೆ ದಪ್ಪ ಇದ್ದರೂ ಬಾಗಿಲು ತೆಳು.

9. ಮೈ ಹುಷಾರಿಲ್ಲದಿದ್ದರೆ

ತುರ್ತಿಗೆ 112, ಆಂಬ್ಯುಲೆನ್ಸ್‌ಗೆ 166, ಕರಾವಳಿ ಕಾವಲಿನವರಿಗೆ 108. ಹೋರಾದಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ದೊಡ್ಡ ತೊಂದರೆಯಾದರೆ ಹೆಲಿಕಾಪ್ಟರಿನಲ್ಲಿ ಅಥೆನ್ಸ್ ಕಡೆ ಕಳಿಸುತ್ತಾರೆ, ಹಾಗಾಗಿ ನಿಮ್ಮ ವಿಮೆಯಲ್ಲಿ ಅದರ ಖರ್ಚು ಸೇರಿದೆಯಾ ಅಂತ ಹೊರಡುವ ಮುಂಚೆ ಓದಿ ನೋಡಿ. ರಾತ್ರಿ ಯಾವ ಔಷಧಿ ಅಂಗಡಿ ತೆರೆದಿದೆ ಅಂತ ಪ್ರತಿ ಅಂಗಡಿಯ ಬಾಗಿಲ ಮೇಲೆ ಚೀಟಿ ಹಚ್ಚಿರುತ್ತಾರೆ. ಬಿಪಿ, ಶುಗರ್ ಮಾತ್ರೆಗಳನ್ನು ಡಾಕ್ಟರ ಚೀಟಿ ಸಮೇತ ಪೂರ್ತಿ ಅವಧಿಗೆ ತನ್ನಿ, ಚೀಟಿಯಲ್ಲಿ ಬ್ರ್ಯಾಂಡ್ ಅಲ್ಲ, ಔಷಧಿಯ ಮೂಲ ಹೆಸರು ಇರಲಿ.

10. ಜನರ ಜೊತೆ

ಬೇಸಿಗೆಯಲ್ಲಿ ನೀವು ಸಾವಿರಾರು ಪ್ರವಾಸಿಗರಲ್ಲಿ ಒಬ್ಬರು. ಜನವರಿಯಲ್ಲಿ ಬೀದಿಗೇ ನೀವೊಬ್ಬರು ಹೊಸಬರು. ಎಲ್ಲರೂ ನೋಡುತ್ತಾರೆ, ಅದರಲ್ಲಿ ಕೆಟ್ಟದ್ದೇನೂ ಇಲ್ಲ. ಎದುರು ಬಂದವರಿಗೆಲ್ಲ ಬೆಳಿಗ್ಗೆ ಕಾಲಿಮೇರಾ, ಸಂಜೆ ಕಾಲಿಸ್ಪೇರಾ ಅನ್ನಿ. ತಿಂಗಳ ಒಂದನೇ ತಾರೀಕು ಕಾಲೊ ಮೀನಾ ಅನ್ನಬೇಕು. ಇಷ್ಟು ಮಾಡಿದರೆ ಒಂದೇ ವಾರದಲ್ಲಿ ಬೇಕರಿಯವರು ನೀವು ಯಾರು, ಎಷ್ಟು ಮಕ್ಕಳು, ಇಂಡಿಯಾದಲ್ಲಿ ಚಳಿ ಇದೆಯಾ ಅಂತ ಕೇಳುತ್ತಾರೆ.

ಕಾಫೆನೀಯೊ, ಅಂದ್ರೆ ಊರಿನ ಕಾಫಿ ಅಂಗಡಿ, ಚಳಿಗಾಲದ ನಿಜವಾದ ನಡುಮನೆ. ಕಾಫಿ ಹೇಳುವಾಗಲೇ ಸಕ್ಕರೆ ಹೇಳಬೇಕು: ಸ್ಕೇತೊ ಅಂದ್ರೆ ಸಕ್ಕರೆ ಇಲ್ಲದ್ದು, ಮೇತ್ರಿಯೊ ಹದ, ಗ್ಲಿಕೊ ಸಿಹಿ. ತಳದಲ್ಲಿ ಗಸಿ ಇರುತ್ತದೆ, ಕಲಕಬೇಡಿ, ಕೊನೆಯ ಗುಟುಕು ಬಿಟ್ಟುಬಿಡಿ. ಗಂಟಲು ಕೆಟ್ಟಿದ್ದರೆ ಗುಡ್ಡದ ಚಹಾ ಅಂತ ಒಣ ಹೂಗಿಡದ ಕಷಾಯ ಕೊಡುತ್ತಾರೆ, ಜೇನು ಹಾಕಿ ಕುಡಿಯಿರಿ. ಪಕ್ಕದ ಮೇಜಿನವರು ನಿಮ್ಮ ಕಾಫಿಗೆ ದುಡ್ಡು ಕೊಟ್ಟುಬಿಟ್ಟರೆ ಜಗಳಕ್ಕೆ ಹೋಗಬೇಡಿ. ಕಣ್ಣಲ್ಲೇ ಥ್ಯಾಂಕ್ಸ್ ಹೇಳಿ, ಇನ್ನೊಂದು ದಿನ ಸುಮ್ನೆ ಅವರದ್ದಕ್ಕೆ ನೀವು ಕೊಡಿ.

ಹುಟ್ಟುಹಬ್ಬಕ್ಕಿಂತ ಇಲ್ಲಿ ಹೆಸರಿನ ಹಬ್ಬ, ಅಂದ್ರೆ ತಮ್ಮ ಹೆಸರಿನ ಸಂತರ ದಿನ, ದೊಡ್ಡದು, ಚಳಿಗಾಲದ ತುಂಬ ಅದೇ. ಡಿಸೆಂಬರ್ 6 ನೀಕೊಸ್ ಹೆಸರಿನವರದು, 12 ಸ್ಪೀರೊಸ್, ಜನವರಿ 1 ವಾಸಿಲಿಸ್, 7 ಯಾನ್ನಿಸ್, 17 ಆಂಡೋನಿಸ್. ಮನೆ ಮಾಲೀಕರ ಹೆಸರು ಯಾವ ದಿನಕ್ಕೆ ಬರುತ್ತದೆ ಅಂತ ತಿಳಿದುಕೊಂಡು ಆ ದಿನ ಒಂದು ಡಬ್ಬಿ ಸಿಹಿ ಹಿಡಿದು ಹೋಗಿ, ಹ್ರೋನ್ಯಾ ಪೊಲ್ಲಾ ಅನ್ನಿ. ಯಾವ ಅಗ್ರಿಮೆಂಟಿಗಿಂತಲೂ ಇದು ಹೆಚ್ಚು ಕೆಲಸ ಮಾಡುತ್ತದೆ.

11. ತಪ್ಪಿಸಿಕೊಳ್ಳಬಾರದ ದಿನಗಳು

ಡಿಸೆಂಬರ್ 24 ಮತ್ತು 31ರ ಬೆಳಿಗ್ಗೆ ಮಕ್ಕಳು ಲೋಹದ ತ್ರಿಕೋನ ಬಡಿಯುತ್ತ ಮನೆಮನೆಗೆ ಹಾಡಲು ಬರುತ್ತಾರೆ, ಚಿಲ್ಲರೆ ಇಟ್ಟುಕೊಂಡಿರಿ. ಹೊಸ ವರ್ಷಕ್ಕೆ ವಾಸಿಲೊಪಿತಾ ಅನ್ನುವ ಕೇಕಿನಲ್ಲಿ ನಾಣ್ಯ ಬಚ್ಚಿಟ್ಟು ಹಂಚುತ್ತಾರೆ, ಮೆಲ್ಲಗೆ ಕಚ್ಚಿ. ಜನವರಿ 6ರಂದು ಪಾದ್ರಿ ಶಿಲುಬೆಯನ್ನು ಸಮುದ್ರಕ್ಕೆ ಎಸೆಯುತ್ತಾರೆ, ಯುವಕರು ಆ ಚಳಿನೀರಿಗೆ ಧುಮುಕಿ ತರುತ್ತಾರೆ. ಬಂದರಿಗೆ ಊರೆಲ್ಲ ಬಂದಿರುತ್ತದೆ. ಜನವರಿಯಲ್ಲೇ ಗಾಳಿ ನಿಂತು ಬಿಸಿಲು ಕಾಯುವ ಕೆಲವು ದಿನ ಬರುತ್ತವೆ, ಆಲ್ಕಿಯೊನೀದೆಸ್ ಅಂತ ಹೆಸರು. ಅಂಥ ದಿನ ಬಂದರೆ ಲ್ಯಾಪ್‌ಟಾಪ್ ಮುಚ್ಚಿ ಪೋರ್ಟಾರಾ ಕಡೆ ನಡೆಯಿರಿ, ಕ್ರಿಸ್ತಪೂರ್ವ 6ನೇ ಶತಮಾನದಲ್ಲಿ ಶುರುವಾಗಿ ಮುಗಿಯದೇ ಉಳಿದ ಅಪೊಲೊ ದೇವಾಲಯದ ಬಾಗಿಲು ಅದು. ಬಿರುಗಾಳಿ ದಿನ ಅಲ್ಲಿಗೆ ಹೋಗಬೇಡಿ, ಅಲೆಗಳು ಕಾಲುದಾರಿಯ ಮೇಲೇ ಹಾಯುತ್ತವೆ.

ಕಾರ್ನಿವಲ್, ಅಂದ್ರೆ ಈಸ್ಟರ್ ಉಪವಾಸಕ್ಕೆ ಮುಂಚಿನ ಮೋಜಿನ ಹಬ್ಬದ ಹೊತ್ತಿಗೆ ಅಪೀರಾಂಥೊಸ್‌ಗೆ ಹೋಗಲೇಬೇಕು. ಸೊಂಟಕ್ಕೆ, ಹೆಗಲಿಗೆ ದನದ ಗಂಟೆಗಳನ್ನು ಕಟ್ಟಿಕೊಂಡ ಗಂಡಸರು ಬೀದಿಯಲ್ಲಿ ಕುಣಿದು ಬರುತ್ತಾರೆ, ಕೂದೂನಾತಿ ಅಂತ. ಅದು ಮುಗಿದ ಮೇಲೆ ಬರುವ ಶುದ್ಧ ಸೋಮವಾರ ಗಾಳಿಪಟದ ದಿನ. ಲಗಾನಾ ಅನ್ನುವ ಚಪ್ಪಟೆ ಬ್ರೆಡ್ಡು, ಎಳ್ಳಿನ ಹಲ್ವಾ, ಕಾಳು. 2027ರಲ್ಲಿ ಅದು ಮಾರ್ಚ್ 15ಕ್ಕೆ ಬರುತ್ತದೆ.

12. ಹೊರಡುವಾಗ

ಮಾರ್ಚ್ ಬಂದರೆ ದ್ವೀಪದ ತುಂಬ ಸುಣ್ಣದ ವಾಸನೆ, ಸುತ್ತಿಗೆ ಸದ್ದು, ಎಲ್ಲರೂ ಬೇಸಿಗೆಗೆ ಮನೆ, ಹೋಟೆಲು ಸರಿ ಮಾಡಿಕೊಳ್ಳುತ್ತಾರೆ. ನೀವು ಯಾವ ದಿನ ಬಿಡುತ್ತೀರಿ ಅಂತ ಮಾಲೀಕರಿಗೆ ಒಂದು ತಿಂಗಳು ಮುಂಚೆ ಹೇಳಿ, ಅವರಿಗೆ ಸುಣ್ಣ ಹೊಡೆಸಲು ಸಮಯ ಬೇಕು. ಒಲೆಯ ಬೂದಿ ಪೂರ್ತಿ ಆರಿದ ಮೇಲೆ ತೆಗೆಯಿರಿ. ತೇವದ ಯಂತ್ರದ ತೊಟ್ಟಿ ಖಾಲಿ ಮಾಡಿ. ಗೀಸರ್ ಸ್ವಿಚ್ ಇಳಿದಿದೆಯಾ ನೋಡಿ. ಉಳಿದ ಬೇಳೆ, ಮಸಾಲೆಯನ್ನು ಸೊಪ್ಪು ತೋರಿಸಿಕೊಟ್ಟ ಅಜ್ಜಿಗೆ ಕೊಡಿ, ಹೇಗೆ ಮಾಡುವುದು ಅಂತ ಒಂದು ಸಲ ಅವರ ಅಡುಗೆಮನೆಯಲ್ಲೇ ಮಾಡಿ ತೋರಿಸಿ. ಆರ್ಥೊಡಾಕ್ಸ್ ಈಸ್ಟರ್ ಹತ್ತಿರ ಇದ್ದರೆ, 2027ರಲ್ಲಿ ಅದು ಮೇ 2, ಆ ವಾರ ಅಥೆನ್ಸ್‌ನವರೆಲ್ಲ ತಮ್ಮ ಊರಿಗೆ ಬರುತ್ತಾರೆ, ಹಬ್ಬ ಮುಗಿದ ಮೇಲೆ ಎಲ್ಲರೂ ಒಟ್ಟಿಗೇ ವಾಪಸ್ ಹೊರಡುತ್ತಾರೆ. ಆಗ ಪ್ರಯಾಣ ಮಾಡುವುದಿದ್ದರೆ ಹಡಗಿನ ಟಿಕೆಟ್ ಕೆಲವು ವಾರ ಮುಂಚೆಯೇ ತಗೊಳ್ಳಿ.